ಟ್ಯಾಗ್‌ಲೈನ್ ಬರೆಸೋಕೆ ಹೊರಟಿದ್ದೀರಾ? ನನ್ನ 47 ಸಾವಿರದ ಕಥೆ ಕೇಳಿ

ಅಂಗಡಿಗೋ ಸಣ್ಣ ಬಿಸಿನೆಸ್‌ಗೋ ಟ್ಯಾಗ್‌ಲೈನ್ ಬರೆಸಬೇಕು ಅಂತ ಯಾರಿಗಾದರೂ ದುಡ್ಡು ಕೊಡೋಕೆ ಹೊರಟಿದ್ದರೆ, ಅಡ್ವಾನ್ಸ್ ಕಳಿಸುವ ಮೊದಲು ಇದನ್ನು ಓದಿ. ನನಗೆ 35 ಸಾವಿರ ಏಜೆನ್ಸಿಗೆ ಹೋಯಿತು, 12 ಸಾವಿರ ಲೇಬಲ್ ಪ್ರಿಂಟಿಗೆ ಹೋಯಿತು. ಏಜೆನ್ಸಿ ಹೆಸರು ಹಾಕಲ್ಲ, ದಯವಿಟ್ಟು ಕೇಳಬೇಡಿ. ತಪ್ಪಿನಲ್ಲಿ ಅರ್ಧ ನನ್ನದೇ.

ನಮ್ಮದು ತಿಪಟೂರು ಹತ್ತಿರ ಒಂದು ಮರದ ಗಾಣ. ಕೊಬ್ಬರಿ ಎಣ್ಣೆ ಜಾಸ್ತಿ, ಕೇಳಿದವರಿಗೆ ಹುಚ್ಚೆಳ್ಳು, ಕಡಲೆಕಾಯಿ. ಮಾವ ಗಾಣ ನೋಡಿಕೊಳ್ಳುತ್ತಾರೆ, ಫೋನು, ಲೆಕ್ಕ, ಪಾರ್ಸಲ್ ಎಲ್ಲ ನಂದು. ಇಷ್ಟು ವರ್ಷ ಜನ ಮನೆಯಿಂದ ಡಬ್ಬಿ ತಂದು ತುಂಬಿಸಿಕೊಂಡು ಹೋಗುತ್ತಿದ್ದರು, ಟ್ಯಾಗ್‌ಲೈನ್ ಅನ್ನೋ ಮಾತೇ ಇರಲಿಲ್ಲ. 2025ರ ಯುಗಾದಿ ಹೊತ್ತಿಗೆ ಬೆಂಗಳೂರಿನ ಎರಡು ಅಂಗಡಿಯವರು ಸರಕು ಕೇಳಿದರು. ಚೆನ್ನಾಗಿರೋ ಲೇಬಲ್ ಬೇಕು, ಕಣ್ಣಿಗೆ ಹೊಡೆಯೋ ಒಂದು ಸಾಲು ಬೇಕು ಅಂದರು. ನಾನೂ ಹೌದಲ್ವಾ ಅಂದುಕೊಂಡೆ.

ಏಜೆನ್ಸಿ ಹುಡುಗ ಮೊದಲ ಮೀಟಿಂಗಿನಲ್ಲೇ ಹೇಳಿದ, "ಮೇಡಂ, ಗಾಣ ಅನ್ನೋ ಪದ ಬೇಡ, ಡೌನ್‌ಮಾರ್ಕೆಟ್ ಆಗುತ್ತೆ." ಅಲ್ಲೇ ಎದ್ದು ಬರಬೇಕಿತ್ತು. ಏಕೆಂದರೆ ನಮ್ಮ ಹತ್ತಿರ ಬರುವವರೆಲ್ಲ ಕೇಳೋದೇ "ಗಾಣದ ಎಣ್ಣೆ ಇದೆಯಾ" ಅಂತ. ಗಿರಾಕಿ ಬಾಯಲ್ಲಿ ದಿನಾ ಓಡಾಡುವ ಪದವನ್ನು ತೆಗೆದುಹಾಕೋಕೆ ನಾನೇ ದುಡ್ಡು ಕೊಟ್ಟೆ ನೋಡಿ.

ಎರಡು ವಾರ ಬಿಟ್ಟು ಸಾಲುಗಳು ಬಂದವು. ಎಲ್ಲ ಮೊದಲು ಇಂಗ್ಲಿಷಿನಲ್ಲಿ ಹುಟ್ಟಿದವು. ಅವರ ಹೆಮ್ಮೆಯ ಸಾಲು, "ಪ್ರೆಸ್ಡ್ ಕೋಲ್ಡ್, ಲವ್ಡ್ ವಾರ್ಮ್." ಕೋಲ್ಡ್ ಪ್ರೆಸ್ಡ್ ಅಂದರೆ ಬಿಸಿ ಮಾಡದೆ ಹಿಂಡಿದ ಎಣ್ಣೆ. ಇಂಗ್ಲಿಷಿನಲ್ಲಿ ಕೇಳೋಕೆ ಚೆನ್ನಾಗೇ ಇದೆ, ಇಲ್ಲ ಅನ್ನಲ್ಲ. ಕನ್ನಡದಲ್ಲಿ ಅದು ಏನಾಗಿತ್ತು ಗೊತ್ತಾ? "ಶೀತ ಒತ್ತಿದ, ಬೆಚ್ಚಗೆ ಪ್ರೀತಿಸಿದ." ನಾನು ನಕ್ಕೆ. ಹುಡುಗ ನಗಲಿಲ್ಲ. "ಕೋಲ್ಡ್ ಪ್ರೆಸ್ಡ್‌ಗೆ ಕನ್ನಡ ಅದೇ ಮೇಡಂ, ಎಲ್ಲರೂ ಹಾಗೇ ಹಾಕ್ತಾರೆ" ಅಂದ. ಎಲ್ಲರೂ ಹಾಕ್ತಾರೆ ಅಂದ ಮೇಲೆ ನನಗೂ ಅನುಮಾನ ಬಂತು, ನನಗೇ ಗೊತ್ತಿಲ್ಲವೇನೋ ಅಂತ. ಒಪ್ಪಿಕೊಂಡೆ.

ಮೊದಲ ಪ್ರೂಫ್ ಬಂದಾಗ ಇನ್ನೊಂದು. ಅವರ ಡಿಸೈನ್ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆದುಹೋಗಿತ್ತು. "ಕೊಬ್‌ಬರಿ ಎಣ್‌ಣೆ." ಅಲ್ಲಿ ಕೂತ ಯಾರಿಗೂ ಕನ್ನಡ ಓದೋಕೆ ಬರುತ್ತಿರಲಿಲ್ಲ, ಹಾಗಾಗಿ ಅದು ತಪ್ಪು ಅಂತಲೇ ಕಂಡಿರಲಿಲ್ಲ. ಇದನ್ನು ನಾನು ಹಿಡಿದೆ, ಸರಿಮಾಡಿಸಿದೆ. ಆ ಖುಷಿಯಲ್ಲಿ ಉಳಿದದ್ದನ್ನು ಸರಿಯಾಗಿ ನೋಡಲೇ ಇಲ್ಲ ಅನ್ಸುತ್ತೆ. (ಅವರೇ ಬೋರ್ಡ್ ಡಿಸೈನೂ ಕೊಟ್ಟಿದ್ದರು, ಪೂರ್ತಿ ಇಂಗ್ಲಿಷ್. ಬೋರ್ಡಿನಲ್ಲಿ 60% ಕನ್ನಡ ಇರಲೇಬೇಕು ಅಂತ 2024ರಲ್ಲೇ ನಮ್ಮ ರಾಜ್ಯದಲ್ಲಿ ಕಾನೂನು ಬಂದಿದೆ. ಅದನ್ನೂ ನಾನೇ ಹೇಳಿಕೊಡಬೇಕಾಯಿತು.)

ಲೇಬಲ್ ಅಂಟಿಸಿದ ಮೊದಲ ಬಾಟಲಿ ಕೊಂಡವರು ನಮ್ಮ ಬೀದಿಯ ಅಜ್ಜಿ. ಮೊಮ್ಮಗುವಿಗೆ ಎಣ್ಣೆ ತಿಕ್ಕೋಕೆ ಪ್ರತಿ ತಿಂಗಳು ಒಯ್ಯುತ್ತಾರೆ. ಕನ್ನಡಕ ಏರಿಸಿ ನಿಧಾನಕ್ಕೆ ಓದಿದರು, ಆಮೇಲೆ ಬಾಟಲಿ ಕಟ್ಟೆ ಮೇಲೆ ಇಟ್ಟರು. "ಶೀತ ಅಂತ ಬರೆದೈತಲ್ಲಮ್ಮ, ಮಗೀಗೆ ನೆಗಡಿ ಆಗಲ್ವಾ?" ಕೊಬ್ಬರಿ ಎಣ್ಣೆ ಮೊದಲೇ ತಂಪು ಅಂತ ಹೆದರೋ ಜನ ನಾವು. ಅದರ ಮೇಲೆ ಶೀತ ಅಂತ ಅಚ್ಚು ಹಾಕಿಸಿ ಮಾರೋಕೆ ಕೂತಿದ್ದೆ. ಮಾವ ಏನೂ ಬೈಯಲಿಲ್ಲ. "ಏನಮ್ಮಾ, ಯಾರಿಗೂ ಓದಿ ತೋರಿಸಲಿಲ್ವಾ?" ಅಂದರು, ಅಷ್ಟೇ. ಬೈದಿದ್ದರೇ ವಾಸಿ ಇತ್ತು.

ಇದು ನಗೋ ವಿಷಯ. ನಿಜವಾದ ಪೆಟ್ಟು ಉಳಿದ ಎರಡು ಸಾಲಿನಿಂದ ಬಿತ್ತು. ಪ್ಯಾಕೇಜಿನಲ್ಲಿ ಮೂರು ಸಾಲು, ದುಡ್ಡು ಕೊಟ್ಟಿದ್ದೀನಲ್ಲ ಅಂತ ಮೂರನ್ನೂ ಲೇಬಲ್‌ಗೆ ಹಾಕಿಸಿದ್ದೆ.

ಎರಡನೇ ಸಾಲು, "100% ಶುದ್ಧ, ಡಾಕ್ಟರ್ ಮೆಚ್ಚಿದ ಎಣ್ಣೆ." ಬೆಂಗಳೂರಿನ ಅಂಗಡಿಯವರು ಎಂಟು ಬಾಕ್ಸ್ ವಾಪಸ್ ಕಳಿಸಿದರು. ಯಾವ ಡಾಕ್ಟರ್ ಅಂತ ಫೋನಿನಲ್ಲಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ತಿಳಿಯಿತು, ವೈದ್ಯರು ಶಿಫಾರಸು ಮಾಡಿದ್ದಾರೆ ಅನ್ನೋ ಅರ್ಥ ಬರುವ ಮಾತನ್ನೇ ಆಹಾರದ ಲೇಬಲ್ ಮೇಲೆ ಹಾಕುವ ಹಾಗಿಲ್ಲ. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ದಂಡ 10 ಲಕ್ಷದವರೆಗೆ ಹೋಗಬಹುದು. 10 ಲಕ್ಷ! ನಮ್ಮ ಗಾಣ, ಮೋಟಾರು, ಶೆಡ್ಡು ಎಲ್ಲ ಮಾರಿದರೂ ಅಷ್ಟು ಬರಲ್ಲ. ಇನ್ನು ಆ "100%" ಇದೆಯಲ್ಲ, ನಮ್ಮ ಲೇಬಲ್ ಅಚ್ಚಾಗಿ ಬಂದ ಮುಂದಿನ ತಿಂಗಳೇ, 2025ರ ಮೇನಲ್ಲಿ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆಹಾರದ ಲೇಬಲ್ ಮತ್ತು ಜಾಹೀರಾತಿನಲ್ಲಿ ಆ ಪದ ಬಳಸಬೇಡಿ ಅಂತ ಸೂಚನೆ ಕೊಟ್ಟಿತು. ನಮ್ಮ ಎಣ್ಣೆ ಶುದ್ಧವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶುದ್ಧವಾಗಿರೋದು ಬೇರೆ, ಆ ಪದವನ್ನು ಡಬ್ಬಿ ಮೇಲೆ ಹಾಕೋದು ಬೇರೆ.

ಮೂರನೇ ಸಾಲು ನನಗೆ ತುಂಬಾ ಇಷ್ಟವಾಗಿದ್ದದ್ದು. ನಿಜ ಹೇಳಬೇಕೆಂದರೆ ಇವತ್ತಿಗೂ ಇಷ್ಟ. "ತಲೆಗೂ ಸೈ, ಬಾಣಲೆಗೂ ಸೈ." ಅದನ್ನು ನಾನೇ ಹೇಳಿದ್ದು, ಅವರು ಬಿಲ್ಲಿಗೆ ಸೇರಿಸಿಕೊಂಡರು. ಇದರಲ್ಲಿ ಸುಳ್ಳು ಏನಿದೆ ಹೇಳಿ, ನಮ್ಮಲ್ಲಿ ಒಂದೇ ಎಣ್ಣೆಯನ್ನು ಎರಡಕ್ಕೂ ಬಳಸಲ್ವಾ? ಆಡಿಟರ್ ಲೇಬಲ್ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. ತಿನ್ನುವ ಎಣ್ಣೆಗೆ ಜಿಎಸ್‌ಟಿ 5%, ಆಗ ತಲೆಗೆ ಹಚ್ಚುವ ಎಣ್ಣೆಗೆ 18%. ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆ ಇದರಲ್ಲಿ ಯಾವುದು ಅಂತ ವರ್ಷಗಟ್ಟಲೆ ಜಗಳ ನಡೆದು, 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಬಾಟಲಿ ಸಣ್ಣದು ಅನ್ನೋ ಒಂದೇ ಕಾರಣಕ್ಕೆ ಅದು ತಲೆ ಎಣ್ಣೆ ಆಗಲ್ಲ, ಪ್ಯಾಕಿಂಗು, ಲೇಬಲ್ಲು ಏನು ಹೇಳುತ್ತೆ ಅಂತ ನೋಡಬೇಕು ಅಂತ. ಅಂದರೆ ಲಕ್ಷಾಂತರ ರೂಪಾಯಿ ಲಾಯರ್ ಫೀಸು ಕೊಟ್ಟು ಯಾರೋ ಗೆದ್ದ ಕೇಸನ್ನು ನಾನು ಒಂದೇ ಪದದಲ್ಲಿ, "ತಲೆಗೂ" ಅನ್ನೋ ಪದದಲ್ಲಿ, ಕೈಯಾರೆ ಸೋಲೋಕೆ ಹೊರಟಿದ್ದೆ. ಜೊತೆಗೆ ತಲೆ ಎಣ್ಣೆ ತಯಾರಿಸೋಕೆ ಕಾಸ್ಮೆಟಿಕ್ ಲೈಸೆನ್ಸ್ ಬೇರೆ ಬೇಕು, ನಮ್ಮದು ಆಹಾರದ ಲೈಸೆನ್ಸ್ ಮಾತ್ರ. 2025ರ ಸೆಪ್ಟೆಂಬರ್ 22ರಿಂದ ತಲೆ ಎಣ್ಣೆಯೂ 5%ಗೆ ಬಂದಿದೆ, ಆದರೆ ಲೈಸೆನ್ಸಿನ ಮಾತು ಹಾಗೇ ಇದೆ. ಏಜೆನ್ಸಿಗೆ ಫೋನ್ ಮಾಡಿದರೆ, "ಮೇಡಂ, ನಾವು ಕ್ರಿಯೇಟಿವ್ ಅಷ್ಟೇ, ಲೀಗಲ್ ನೋಡಲ್ಲ." ನಮ್ಮ ಒಪ್ಪಂದದಲ್ಲೂ ಸಣ್ಣ ಅಕ್ಷರದಲ್ಲಿ ಹಾಗೇ ಇತ್ತು.

ಒಂದು ವಿಷಯದಲ್ಲಿ ಬಚಾವಾದೆ. "ಕಲಬೆರಕೆ ತೋರಿಸಿದವರಿಗೆ 1 ಲಕ್ಷ ಬಹುಮಾನ" ಅಂತಲೂ ಹಾಕೋಣ ಅಂದಿದ್ದರು, ಜನ ತಿರುಗಿ ನೋಡ್ತಾರೆ ಅಂತ. ಲಾ ಓದುತ್ತಿರುವ ನನ್ನ ತಮ್ಮ ಬೇಡ ಅಕ್ಕ ಅಂದ. ಲಂಡನ್ನಿನಲ್ಲಿ ಒಂದು ಕಂಪನಿ ನಮ್ಮ ಹೊಗೆ ಉಂಡೆ (ಮೂಗಿಗೆ ಊದಿಕೊಳ್ಳೋ ಔಷಧಿ) ಸರಿಯಾಗಿ ಬಳಸಿಯೂ ಇನ್‌ಫ್ಲುಯೆನ್ಜಾ ಬಂದರೆ 100 ಪೌಂಡ್ ಕೊಡ್ತೀವಿ ಅಂತ ಜಾಹೀರಾತು ಹಾಕಿತ್ತಂತೆ. ಕಾರ್ಲಿಲ್ ಅನ್ನೋ ಹೆಂಗಸು ಬಳಸಿದಳು, ಜ್ವರ ಬಂತು, ದುಡ್ಡು ಕೇಳಿದಳು. ಅದು ಸುಮ್ನೆ ಜಾಹೀರಾತಿಗೆ ಅಂದ ಮಾತು ಅಂತ ಕಂಪನಿ ವಾದ ಮಾಡಿ 1892ರಲ್ಲಿ ಸೋತಿತು. ಇವತ್ತಿಗೂ ಲಾ ಕಾಲೇಜಿನಲ್ಲಿ ಮೊದಲು ಹೇಳಿಕೊಡೋ ಕೇಸುಗಳಲ್ಲಿ ಇದೂ ಒಂದಂತೆ.

ನೀವು ಬರೆಸಿದ ಸಾಲು ನಿಮ್ಮದೇ ಅಂತಲೂ ಅಂದುಕೊಳ್ಳಬೇಡಿ. ಎರಡು ತಿಂಗಳ ಮೇಲೆ ಅದೇ "ಬೆಚ್ಚಗೆ ಪ್ರೀತಿಸಿದ" ಯಾರದೋ ಕಡಲೆಕಾಯಿ ಎಣ್ಣೆ ಮೇಲೆ ಕಂಡಿತು. (ಅವರಿಗೂ ಶೀತ ಒತ್ತಿದ್ದರು ಪಾಪ.) ನಾಲ್ಕು ಪದದ ಸಾಲಿಗೆ ಕಾಪಿರೈಟ್ ಸಿಗೋದು ಕಷ್ಟ, ಟ್ರೇಡ್‌ಮಾರ್ಕ್ ಮಾಡಿಸಬಹುದು, ಸಣ್ಣ ಉದ್ದಿಮೆಗೆ ಒಂದು ಕ್ಲಾಸಿಗೆ, ಅಂದರೆ ಒಂದು ಬಗೆಯ ಸರಕಿಗೆ, ಆನ್‌ಲೈನ್ ಫೀ 4,500 ರೂಪಾಯಿ. ಬೇರೆ ಯಾರಾದರೂ ಮೊದಲೇ ಮಾಡಿಸಿದ್ದಾರಾ ಅಂತ ಸರ್ಕಾರಿ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು, ಹತ್ತು ನಿಮಿಷದ ಕೆಲಸ. ಲೇಬಲ್ಲಿನ ಚಿತ್ರದ ಹಕ್ಕನ್ನಂತೂ ಬರೆಸಿಕೊಳ್ಳಲೇಬೇಕು, ಬಾಯಿಮಾತು ನಡೆಯಲ್ಲ.

ಈಗ ಬಾಟಲಿ ಮೇಲೆ "ಗಾಣದ ಕೊಬ್ಬರಿ ಎಣ್ಣೆ" ಅಂತ ದೊಡ್ಡದಾಗಿ ಇದೆ, ಕೆಳಗೆ "ಗಾಣಕ್ಕೆ ಹಾಕಿದ ದಿನ" ಅಂತ ಒಂದು ಖಾಲಿ ಜಾಗ. ತಾರೀಖನ್ನು ಮಾವ ರಬ್ಬರ್ ಸ್ಟಾಂಪಿನಲ್ಲಿ ತಾವೇ ಒತ್ತುತ್ತಾರೆ, ಕೆಲವೊಮ್ಮೆ ಸ್ವಲ್ಪ ಓರೆಯಾಗಿ ಬೀಳುತ್ತೆ. ಅದೇ ಬೆಂಗಳೂರಿನ ಅಂಗಡಿಯಲ್ಲಿ ಜನ ಬಾಟಲಿ ಎತ್ತಿ ಆ ತಾರೀಖು ಹುಡುಕಿ ನೋಡ್ತಾರಂತೆ. ಬರೆದವರ ಫೀಸು ಸೊನ್ನೆ.

ಹಳೇ ಸ್ಟಿಕ್ಕರ್ ಮೂರು ಸಾವಿರಕ್ಕೂ ಜಾಸ್ತಿ ಉಳಿದಿವೆ. ಅಂಟು ಚೆನ್ನಾಗಿದೆ, ಅದೊಂದಕ್ಕೆ ಮೋಸ ಇಲ್ಲ. ಅತ್ತೆ ಹಪ್ಪಳದ ಡಬ್ಬಿ, ಉಪ್ಪಿನಕಾಯಿ ಜಾಡಿಗೆಲ್ಲ ಅದನ್ನೇ ಸುತ್ತಿ ಅಂಟಿಸುತ್ತಿದ್ದಾರೆ, ಇರುವೆ ಹೋಗದಿರಲಿ ಅಂತ.