ಇಂಧನ ಬೇಡದ ಎಂಜಿನ್, 450 ರೂಪಾಯಿಗೆ

ಉಡುಪಿ ರಥಬೀದಿ ಹತ್ತಿರದ ಅಂಗಡಿಯೊಂದರಲ್ಲಿ ಮಗಳಿಗೆ ಗಗನನೌಕೆ ಮಾದರಿಗಳ ಕಿಟ್ ತಂದೆ. ಅದರಲ್ಲಿ ಸೋಲಾರ್ ಸೈಲ್, ಅಂದರೆ ಬಿಸಿಲೇ ತಳ್ಳುವ ಹಾಯಿಯ ಮಾದರಿ, ಚೆನ್ನಾಗಿದೆ. ಬೆಳ್ಳಿ ಹಾಳೆ ಎಷ್ಟು ತೆಳು ಅಂದರೆ, ಫ್ಯಾನ್ ಹಾಕಿದ ಕೂಡಲೇ ಹಾರಿ ಕಪಾಟಿನಡಿ ಸೇರಿತು! ಇದೇನೂ ಕಟ್ಟುಕಥೆಯಲ್ಲ. ಜಪಾನಿನ ಇಕಾರೋಸ್ ನೌಕೆ 2010ರಲ್ಲೇ ಬರೀ ಬಿಸಿಲಿನ ಒತ್ತಡದಿಂದ ವೇಗ ಪಡೆದಿತ್ತು.

ಸಿಟ್ಟು ಬಂದದ್ದು ಎಂ-ಡ್ರೈವ್ ಮಾದರಿಗೆ. ‘ಇಂಧನವೇ ಬೇಡ, ನಾಳೆಯ ಎಂಜಿನ್’ ಅಂತ ಡಬ್ಬಿ ಮೇಲೆ ದಪ್ಪಕ್ಷರ. ಮುಚ್ಚಿದ ಪಾತ್ರೆಯೊಳಗೆ ಮೈಕ್ರೋವೇವ್ ಕುಣಿಸಿದರೆ ನೌಕೆ ಓಡುತ್ತದಂತೆ. ಮಲ್ಪೆಯಲ್ಲಿ ದೋಣಿಯೊಳಗೇ ಕೂತು ಅದೇ ದೋಣಿಯನ್ನು ತಳ್ಳಿದ ಹಾಗೆ, ಅಲ್ವಾ? 2021ರಲ್ಲಿ ಜರ್ಮನಿಯ ಡ್ರೆಸ್ಡೆನ್ ವಿಜ್ಞಾನಿಗಳು ಸರಿಯಾಗಿ ಅಳೆದರು. ಬಲ ಸೊನ್ನೆ. ಹಿಂದಿನ ಪರೀಕ್ಷೆಗಳಲ್ಲಿ ಕಂಡ ‘ತಳ್ಳು’ ಬಿಸಿಯಿಂದ ತಕ್ಕಡಿಯ ಭಾಗ ಬಾಗಿದ್ದಷ್ಟೇ.

ಅಂಟು ಸುಮ್ನೆ ಹೆಸರಿಗೆ. ಮನೆಯ ಫೆವಿಕಾಲೇ ಗತಿ.