ವಾರದ ನೂರು ಹಾಡುಗಳು ಮತ್ತು ನನ್ನ ಹತ್ತು

ಪ್ರತಿ ಭಾನುವಾರ ಸಂಜೆ, ಆ ವಾರ ಕೇಳಿದ ಪಾಪ್ ಹಾಡುಗಳಲ್ಲಿ ಮನಸ್ಸಿಗೆ ಹಿಡಿಸಿದ ಹತ್ತನ್ನು ಕ್ರಮವಾಗಿ ನೋಟ್‌ಬುಕ್ಕಿನಲ್ಲಿ ಬರೆದಿಡುವ ನನಗೆ, ಹೋಲಿಸಿ ನೋಡಲು, ವಾರದ ನೂರು ಜನಪ್ರಿಯ ಹಾಡುಗಳಿಗೆ ಸ್ಥಾನ ಕೊಡುವ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಚೆನ್ನಾಗಿ ಒದಗಿಬಂದಿದೆ. 1958ರ ಆಗಸ್ಟ್‌ನಲ್ಲಿ ಆರಂಭವಾದ ಈ ಪಟ್ಟಿಯು ಈಗ ಸ್ಟ್ರೀಮಿಂಗ್, ರೇಡಿಯೊ ಪ್ರಸಾರ ಮತ್ತು ಮಾರಾಟಗಳನ್ನು ಕೂಡಿಸಿ ಲೆಕ್ಕ ಹಾಕುತ್ತದೆ. ಉಚಿತವಾಗಿ ಕೇಳುವವರಿಗಿಂತ ಚಂದಾ ಕಟ್ಟಿ ಕೇಳುವವರಿಗೆ ಅದು ಹೆಚ್ಚಿನ ತೂಕ ಕೊಡುವುದು ನನಗೆ ನ್ಯಾಯವೆಂದೇ ತೋರುತ್ತದೆ. ಪ್ರತಿ ಹಾಡಿನ ಪಕ್ಕದಲ್ಲಿ ಹಿಂದಿನ ವಾರದ ಸ್ಥಾನ, ಈವರೆಗೆ ಏರಿದ ಅತಿ ಎತ್ತರದ ಸ್ಥಾನ ಹಾಗೂ ಪಟ್ಟಿಯಲ್ಲಿ ಉಳಿದ ವಾರಗಳ ಸಂಖ್ಯೆಯನ್ನು ಕೊಡುವ ಕ್ರಮವನ್ನಂತೂ ನನ್ನ ನೋಟ್‌ಬುಕ್ಕಿಗೂ ಇಳಿಸಿಕೊಂಡಿದ್ದೇನೆ.

ಆದರೆ ಹೆಸರಾಂತ ಗಾಯಕರ ಆಲ್ಬಂ ಬಂದ ವಾರ ಪಟ್ಟಿಯ ರುಚಿ ಕೆಡುತ್ತದೆ. 2022ರ ನವೆಂಬರ್ 5ರ ಪಟ್ಟಿಯಲ್ಲಿ ಮೊದಲ ಹತ್ತು ಸ್ಥಾನಗಳೂ ಟೇಲರ್ ಸ್ವಿಫ್ಟ್ ಒಬ್ಬರವೇ ಆಗಿದ್ದವು. ಅದು ಹಾಡುಗಳ ಆಯ್ಕೆಯಾಗಿರದೆ ಅಭಿಮಾನಿಗಳ ತಲೆ ಎಣಿಕೆಯಂತೆ ಕಂಡಿತು. ಡಿಸೆಂಬರ್‌ನಲ್ಲಿ ಹಳೆಯ ಕ್ರಿಸ್‌ಮಸ್ ಹಾಡುಗಳು ಮರಳಿ ಬಂದು ಹೊಸಬರನ್ನು ಕೆಳಕ್ಕೆ ತಳ್ಳುತ್ತವೆ. 1994ರಲ್ಲಿ ಬಂದ ಮರಾಯ ಕೇರಿಯವರ ಹಾಡೊಂದು ಅಗ್ರಸ್ಥಾನಕ್ಕೇರಿದ್ದು 2019ರಲ್ಲಿ! ನನ್ನ ನೋಟ್‌ಬುಕ್ಕಿನಲ್ಲಿ ಒಬ್ಬ ಗಾಯಕರಿಗೆ ವಾರಕ್ಕೆ ಎರಡು ಹಾಡುಗಳಷ್ಟೇ ಮಿತಿ. ಡಿಸೆಂಬರ್‌ನಲ್ಲೂ ಅದು ಸಡಿಲವಾಗುವುದಿಲ್ಲ.