ಹಳೆ ಕಾರಿನ ಎಸಿ: ಗ್ಯಾಸ್ ಅಂಗಡಿ, ಕಂಪನಿ ಸರ್ವಿಸ್, ಎಸಿ ಶೆಡ್ – ಮೂರೂ ಕಡೆ ಮಾಡಿಸಿ ನೋಡಿದ್ದು

ನಮ್ಮ ಮನೆ ಮಲ್ಪೆಯಲ್ಲಿ. ರಾತ್ರಿ ಕಿಟಕಿ ತೆರೆದರೆ ಕಡಲಿನ ಸದ್ದು ಕೇಳುತ್ತದೆ. ಕಾರು 2009ರ ಸಣ್ಣ ಪೆಟ್ರೋಲ್ ಗಾಡಿ, ಎಂಜಿನ್ ಇವತ್ತಿಗೂ ಗಟ್ಟಿ. ಅಮ್ಮನನ್ನು ತಿಂಗಳಿಗೆ ಎರಡು ಸಲ ಮಂಗಳೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಹೋಗಿ ಬರಲು ಸುಮಾರು 120 ಕಿಲೋಮೀಟರ್. ಏಪ್ರಿಲ್ ಸೆಖೆಯಲ್ಲಿ ಕೂಳೂರು ಸೇತುವೆ ಹತ್ತಿರ ಬ್ಲಾಕ್ ಆಗಿ ನಿಂತಾಗ ಎಸಿಯಿಂದ ಬಿಸಿ ಗಾಳಿ ಬಂದರೆ ಹೇಗಿರುತ್ತದೆ ಅಂತ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮನಿಗೆ ಉಬ್ಬಸ ಬೇರೆ. ಗ್ಲಾಸ್ ಇಳಿಸಿದರೆ ಲಾರಿ ಹೊಗೆ, ಏರಿಸಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ಈ ಎಸಿ ನನಗೆ ದೊಡ್ಡ ಮಂಡೆಬಿಸಿಯೇ ಆಗಿತ್ತು.

ಎರಡು ವರ್ಷದಲ್ಲಿ ಮೂರು ತರದ ಕಡೆ ಕೊಟ್ಟು ನೋಡಿದೆ. ಒಂದೇ ಕಾರು, ಒಂದೇ ಎಸಿ. ಇದೇ ಯೋಚನೆಯಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಹೋದದ್ದು ಹೈವೇ ಬದಿಯ ಗ್ಯಾಸ್ ತುಂಬುವ ಅಂಗಡಿಗೆ. 2022ರ ಮಾರ್ಚ್. ಅರ್ಧ ಗಂಟೆಯ ಕೆಲಸ, 1,400 ರೂಪಾಯಿ. ಎರಡು ಪೈಪ್ ಸಿಕ್ಕಿಸಿದರು, ಮೀಟರ್ ನೋಡಿದರು, ಗ್ಯಾಸ್ ಬಿಟ್ಟರು, ವೆಂಟಿಗೆ ಕೈ ಹಿಡಿದು ‘ಸಾಕು’ ಅಂದರು. ವಾಪಸ್ ಬರುವಾಗ ಕಾರು ತಣ್ಣಗಿತ್ತು, ನನಗೂ ಖುಷಿಯಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಬಿಸಿ ಗಾಳಿ. ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ತುಂಬಿಸಿದೆ. 2023ರ ಮಾರ್ಚ್‌ನಲ್ಲಿ ಮತ್ತೊಮ್ಮೆ. ಆ ಸಲ ‘ಕಂಡೆನ್ಸರ್ ಹೋಗಿದೆ’ (ಕಾರಿನ ಎದುರು ಇದ್ದು ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಭಾಗ) ಅಂತ ಹೇಳಿ 2,200 ರೂಪಾಯಿಯ ಲೋಕಲ್ ಕಂಡೆನ್ಸರ್ ಕೂರಿಸಿದರು. ಎರಡೇ ತಿಂಗಳಲ್ಲಿ ಪುನಃ ಅದೇ ಕಥೆ.

ನನಗೆ ಆಗ ಗೊತ್ತಿಲ್ಲದ ಒಂದು ವಿಷಯ ಇಲ್ಲಿ ಹೇಳಲೇಬೇಕು. ಎಸಿ ಗ್ಯಾಸ್ ಪೆಟ್ರೋಲ್ ಹಾಗೆ ಖರ್ಚಾಗಿ ಮುಗಿಯುವುದಿಲ್ಲ. ಅದು ಮುಚ್ಚಿದ ಪೈಪುಗಳ ಒಳಗೇ ಸುತ್ತುತ್ತಿರುತ್ತದೆ. ಹಳೆ ಕಾರಿನ ರಬ್ಬರ್ ಪೈಪಿನಿಂದ ವರ್ಷಗಟ್ಟಲೆಯಲ್ಲಿ ಸ್ವಲ್ಪ ಜಿನುಗಬಹುದು, ಅಷ್ಟೇ. ಆರು ತಿಂಗಳಿಗೊಮ್ಮೆ ಖಾಲಿ ಆಗುತ್ತದೆ ಅಂದರೆ ಎಲ್ಲೋ ಲೀಕ್ ಉಂಟು. ಗ್ಯಾಸ್ ಜೊತೆ ಕಂಪ್ರೆಸರ್‌ನ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪಿನ) ಆಯಿಲ್ ಕೂಡ ಸುತ್ತುವುದರಿಂದ, ಗ್ಯಾಸ್ ಕಮ್ಮಿ ಇಟ್ಟುಕೊಂಡು ಓಡಿಸುತ್ತಾ ಹೋದರೆ ಆಯಿಲ್ ಸಿಗದೆ ಕಂಪ್ರೆಸರ್ ಜಾಮ್ ಆಗುತ್ತದೆ. ಖರ್ಚು ನಿಜವಾಗಿ ಏರುವುದು ಅಲ್ಲಿಂದ.

2023ರ ಮೇನಲ್ಲಿ ಕಂಪನಿ ಸರ್ವಿಸ್ ಸೆಂಟರ್‌ಗೆ ಕೊಂಡುಹೋದೆ. ಅಲ್ಲಿಯ ಒಂದು ವ್ಯವಸ್ಥೆ ನಿಜಕ್ಕೂ ಮೆಚ್ಚುಗೆಯಾಯಿತು. ಅವರ ಮೆಷಿನ್ ಕಾರಿನೊಳಗೆ ಉಳಿದ ಗ್ಯಾಸನ್ನು ಮೊದಲು ಎಳೆದುಕೊಂಡು ತೂಕ ಮಾಡುತ್ತದೆ. ನನ್ನ ಕಾರಿನ ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ ಆರ್-134ಎ (ಎಸಿ ಗ್ಯಾಸಿನ ಹೆಸರು), 450 ಗ್ರಾಂ ಅಂತ ಬರೆದಿದೆ. ಹೊರಗೆ ಬಂದದ್ದು 120 ಗ್ರಾಂ. ಎರಡು ತಿಂಗಳ ಹಿಂದೆ ತುಂಬಿಸಿದ ಗ್ಯಾಸ್! ಆ ಸಂಖ್ಯೆ ನೋಡಿದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆಮೇಲೆ ಪೈಪಿನೊಳಗಿನ ಗಾಳಿ, ಪಸೆ ಹೋಗಲು ವ್ಯಾಕ್ಯೂಮ್ ಎಳೆದು, ಸರಿಯಾಗಿ 450 ಗ್ರಾಂ ತೂಗಿ ತುಂಬಿದರು. 2,800 ರೂಪಾಯಿ, ಬಿಲ್ ಸಮೇತ.

ಆದರೆ ಲೀಕ್ ಎಲ್ಲಿ ಅಂತ ಕೇಳಿದರೆ ಉತ್ತರ ಬೇರೆ. ‘ಹಳೆ ಗಾಡಿ ಸಾರ್, ಫುಲ್ ಸೆಟ್ ಹಾಕಿದರೆ ಮಾತ್ರ ವಾರಂಟಿ ಕೊಡಬಹುದು.’ ಕಂಪ್ರೆಸರ್, ಕಂಡೆನ್ಸರ್, ಒಳಗಿನ ಗಾಳಿಯನ್ನು ತಂಪು ಮಾಡುವ ಕೂಲಿಂಗ್ ಕಾಯಿಲ್, ಪೈಪುಗಳು, ಎಲ್ಲ ಸೇರಿ 41,000ದ ಎಸ್ಟಿಮೇಟ್. ವಾರಂಟಿ ಕೊಡಬೇಕಾದವರು ಹಾಗೆ ಹೇಳುವುದು ನನಗೆ ಅರ್ಥವಾಗುತ್ತದೆ. ಆದರೆ ನನ್ನ ಕಾರನ್ನು ಮಾರಿದರೂ ಒಂದು ಲಕ್ಷ ಸಿಗುವುದು ಕಷ್ಟ.

ಮೂರನೆಯದು ಮಂಗಳೂರಿನ ಪಂಪ್‌ವೆಲ್ ಕಡೆಯ ಒಂದು ಶೆಡ್. ಕಾರಿನ ಎಸಿ ಕೆಲಸ ಮಾತ್ರ ಮಾಡುವವರು. ಅಲ್ಲಿಯ ಅಣ್ಣ ಗೇಜ್ ಮುಟ್ಟುವ ಮೊದಲು ಕೇಳಿದ ಪ್ರಶ್ನೆ: ‘ಓಡುವಾಗ ತಂಪು ಉಂಟಾ? ನಿಂತಾಗ ಮಾತ್ರ ಇಲ್ವಾ?’ ಓಡುವಾಗ ತಂಪಾಗಿದ್ದು ನಿಂತಾಗ ಬಿಸಿಯಾದರೆ ಹೆಚ್ಚಾಗಿ ಎದುರಿನ ಫ್ಯಾನ್ ಅಥವಾ ಕಂಡೆನ್ಸರ್ ದೋಷವಂತೆ. ಎರಡೂ ಹೊತ್ತು ಇಲ್ಲ ಅಂದರೆ ಗ್ಯಾಸ್ ಕಮ್ಮಿ ಅಥವಾ ಕಂಪ್ರೆಸರ್. ನಮ್ಮದು ಆಗಲೇ ಎರಡೂ ಹೊತ್ತು ಸೋತಿತ್ತು.

ಆಮೇಲೆ ಅವರು ಮಾಡಿದ ಕೆಲಸವನ್ನು ನಾನು ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತು ನೋಡಿದೆ. ಲೀಕ್ ಹುಡುಕಲು ಪೈಪಿಗೆ ನೈಟ್ರೋಜನ್ ಬಿಟ್ಟರು. ಟಯರ್‌ಗೆ ಹಾಕುವ ಕಂಪ್ರೆಸರ್ ಗಾಳಿ ಬಿಡಬಾರದು, ಅದರಲ್ಲಿ ನೀರಿನ ಪಸೆ ಇರುತ್ತದೆ, ಅದು ಆಯಿಲ್‌ಗೆ ಸೇರಿದರೆ ಒಳಗಿಂದಲೇ ಹಾಳು ಅಂದರು. ಒತ್ತಡ ತೋರಿಸುವ ಗೇಜ್ ಮುಳ್ಳು 150ರಲ್ಲಿ ನಿಲ್ಲಿಸಿ ಚಾ ಕುಡಿಯಲು ಹೋದೆವು. ಬಂದು ನೋಡಿದರೆ ಮುಳ್ಳು 130ಕ್ಕೆ ಇಳಿದಿತ್ತು. ಬ್ರಷ್‌ನಲ್ಲಿ ಸೋಪಿನ ನೊರೆ ತೆಗೆದುಕೊಂಡು ಒಂದೊಂದೇ ಜಾಯಿಂಟ್‌ಗೆ ಹಚ್ಚಿದರು. ಎಲ್ಲೂ ಗುಳ್ಳೆ ಏಳಲಿಲ್ಲ. ‘ಹಾಗಾದರೆ ಡ್ಯಾಶ್‌ಬೋರ್ಡ್ ಒಳಗೆ’ ಅಂದರು.

ಡ್ಯಾಶ್‌ಬೋರ್ಡ್ ಬಿಚ್ಚಲು ಮಧ್ಯಾಹ್ನದವರೆಗೆ ಹಿಡಿಯಿತು. ಕೂಲಿಂಗ್ ಕಾಯಿಲ್ ಹೊರಗೆ ತೆಗೆದಾಗ ಅದರ ಮೈಗೆ ನಮ್ಮ ಬೀಚ್ ಬದಿಯ ಗಾಳಿಮರದ ಎಲೆಗಳು ಚಾಪೆಯಂತೆ ಅಂಟಿಕೊಂಡಿದ್ದವು. ನಮ್ಮ ಮಾಡೆಲ್‌ಗೆ ಕ್ಯಾಬಿನ್ ಫಿಲ್ಟರ್ ಇಲ್ಲ, ಎಲ್ಲ ನೇರ ಅಲ್ಲಿಗೇ ಹೋಗಿ ಕೂತಿದೆ. ಒದ್ದೆ ಕಸ, ಮುಗ್ಗಲು ವಾಸನೆ. ಎರಡೂ ಬಾಯಿ ಮುಚ್ಚಿ, ಒಳಗೆ ನೈಟ್ರೋಜನ್ ಬಿಟ್ಟು, ಕಾಯಿಲನ್ನು ಬಕೆಟ್ ನೀರಲ್ಲಿ ಮುಳುಗಿಸಿದರು. ಕೆಳಗಿನ ಮೂಲೆಯಿಂದ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಮೇಲೆ ಬಂದವು. ನಾನು ನಾಲ್ಕು ಸಲ ದುಡ್ಡು ಕೊಟ್ಟು ತುಂಬಿಸಿದ ಗ್ಯಾಸ್ ಹೋದ ದಾರಿ ಅದು.

ಹೊಸ ಕಾಯಿಲ್, ಕಾಯಿಲ್‌ಗೆ ಹೋಗುವ ಗ್ಯಾಸನ್ನು ಹದ ಮಾಡುವ ಎಕ್ಸ್‌ಪಾನ್ಶನ್ ವಾಲ್ವ್, ಡ್ರೈಯರ್, ಗ್ಯಾಸ್, ಕೂಲಿ ಸೇರಿ 8,700. ಪೈಪು ಬಿಚ್ಚಿದ ಮೇಲೆ ಡ್ರೈಯರ್ ಬದಲಾಯಿಸಲೇಬೇಕು, ಅದು ಒಮ್ಮೆ ಹೊರಗಿನ ಪಸೆ ಹೀರಿಕೊಂಡರೆ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಕಂಪ್ರೆಸರ್ ಮುಟ್ಟಲಿಲ್ಲ. ಅದು ಇವತ್ತಿಗೂ ಹಳೆಯದೇ.

ಹೋಲಿಸುವಾಗ ಒಂದು ಜಾಗದಲ್ಲಿ ಮೋಸ ಹೋಗಬಾರದು. ಮೊದಲ ದಿನ ಮೂರೂ ಕಡೆಯ ಕೆಲಸ ಚೆನ್ನಾಗಿಯೇ ಕಾಣುತ್ತದೆ. ನಾನು ವೆಂಟಿನಲ್ಲಿ ಸಣ್ಣ ಥರ್ಮಾಮೀಟರ್ ಇಟ್ಟು ಅಳೆದಿದ್ದೆ. ಗ್ಯಾಸ್ ಅಂಗಡಿಯಿಂದ ಕೊನೆಯ ಸಲ ಬಂದ ದಿನ 12 ಡಿಗ್ರಿ, ಕಂಪನಿಯಿಂದ ಬಂದ ದಿನ 9, ಶೆಡ್‌ನಿಂದ ಬಂದ ದಿನ 8. ದೊಡ್ಡ ವ್ಯತ್ಯಾಸ ಇಲ್ಲ ಅಲ್ವಾ? ಒಂದು ತಿಂಗಳಾದ ಮೇಲೆ ಅಳೆದಾಗ ಗೊತ್ತಾಯಿತು. ಅಂಗಡಿಯದು 17ಕ್ಕೆ ಏರಿತ್ತು. ಕಂಪನಿಯದು 14. ಶೆಡ್‌ನದು 8ರಲ್ಲೇ ಇತ್ತು. ದುಡ್ಡಿನ ಲೆಕ್ಕ ಹಾಕಿದರೆ ಅಂಗಡಿಗೆ ಮೂರು ಸಲ ಕೊಟ್ಟದ್ದು ಕಂಡೆನ್ಸರ್ ಸೇರಿ 6,400. ಅದಕ್ಕೆ 2,300 ಸೇರಿಸಿದ್ದರೆ ಮೊದಲ ವರ್ಷವೇ ಕೆಲಸ ಮುಗಿಯುತ್ತಿತ್ತು.

ಹಾಗಂತ ಕಂಪನಿಗೆ ಹೋಗಲೇಬೇಡಿ ಅಂತ ಅಲ್ಲ. ಗ್ಯಾಸ್ ಎಷ್ಟು ಉಳಿದಿದೆ ಅಂತ ತೂಕದಲ್ಲಿ ತಿಳಿಯಬೇಕಾದರೆ ಆ ಮೆಷಿನ್ ಒಳ್ಳೆಯದು. ಏಳೆಂಟು ವರ್ಷದೊಳಗಿನ ಕಾರಾದರೆ ನಾನು ಅಲ್ಲಿಗೇ ಹೋಗುತ್ತೇನೆ. ರಸ್ತೆ ಬದಿಯ ಗ್ಯಾಸ್ ಮಾತ್ರ ಇನ್ನು ಬೇಡ. ತುಂಬಿಸಲೇಬೇಕಾದರೆ ಕ್ಯಾನ್ ತೋರಿಸಲು ಹೇಳಿ, ನಿಮ್ಮ ಕಾರಿನ ಸ್ಟಿಕ್ಕರ್‌ನಲ್ಲಿ ಇರುವ ಗ್ಯಾಸಿನ ಹೆಸರೇ (ನನ್ನದಕ್ಕೆ ಆರ್-134ಎ) ಬರೆದಿದೆಯಾ ನೋಡಿ. ಅಗ್ಗಕ್ಕೆ ಅಡುಗೆ ಗ್ಯಾಸಿನ ಜಾತಿಯ ಉರಿಯುವ ಗ್ಯಾಸ್ ತುಂಬುವವರೂ ಇದ್ದಾರೆ.

ಲೋಕಲ್ ಕಂಡೆನ್ಸರ್ ಕಥೆ ಬಾಕಿ ಇದೆ. 2024ರ ಮೇನಲ್ಲಿ ಓಡುವಾಗ ತಂಪು, ಕೂಳೂರಲ್ಲಿ ನಿಂತರೆ ಬಿಸಿ. ಅಣ್ಣನ ಪ್ರಶ್ನೆ ನೆನಪಿಗೆ ಬಂತು. ಎದುರಿನ ಜಾಲರಿಯೊಳಗೆ ಟಾರ್ಚ್ ಹಾಕಿ ನೋಡಿದೆ. 14 ತಿಂಗಳಲ್ಲಿ ಆ ಲೋಕಲ್ ಕಂಡೆನ್ಸರ್‌ನ ತೆಳು ತಗಡಿನ ಎಲೆಗಳು ಉಪ್ಪು ಗಾಳಿಗೆ ಬೂದಿಯಂತೆ ಆಗಿದ್ದವು, ಬೆರಳು ತಾಗಿಸಿದರೆ ಪುಡಿ ಉದುರುತ್ತಿತ್ತು. ಅದಕ್ಕಿಂತ ಮೊದಲು ಇದ್ದ ಕಂಡೆನ್ಸರ್ ಕಾರಿನ ಜೊತೆಗೆ ಬಂದದ್ದು, 14 ವರ್ಷ ಇದೇ ಗಾಳಿಯಲ್ಲಿ ನಿಂತಿತ್ತು. ಈ ಸಲ 5,600 ಕೊಟ್ಟು ಒರಿಜಿನಲ್ ಹಾಕಿಸಿದೆ. ಸಮುದ್ರದ ಹತ್ತಿರ ಇರುವವರು ಕಂಡೆನ್ಸರ್‌ನಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಈಗ ಪ್ರತಿ ಭಾನುವಾರ ಬಾವಿ ನೀರಿನಿಂದ ಅದನ್ನು ಮೆಲ್ಲಗೆ ತೊಳೆಯುತ್ತೇನೆ. ಜೋರು ಪ್ರೆಶರ್‌ನಲ್ಲಿ ತೊಳೆದರೆ ಎಲೆಗಳು ಮಡಚಿಹೋಗುತ್ತವೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕುತ್ತೇನೆ, ಕಂಪ್ರೆಸರ್‌ನ ಸೀಲ್ ಒಣಗದಿರಲಿ ಅಂತ. ಹೇಗೂ ಜೂನ್ ಜುಲೈನಲ್ಲಿ ಗ್ಲಾಸಿಗೆ ಹಬೆ ಹಿಡಿದಾಗ ಎಸಿ ಹಾಕದೆ ರಸ್ತೆ ಕಾಣುವುದಿಲ್ಲ. ಕಳೆದ ವಾರ ವೆಂಟಿನಲ್ಲಿ 9 ಡಿಗ್ರಿ ಇತ್ತು. ಮೂಲ್ಕಿ ದಾಟುವಾಗ ಅಮ್ಮ ಸೆರಗು ಹೊದ್ದುಕೊಂಡು ‘ಸ್ವಲ್ಪ ಕಮ್ಮಿ ಮಾಡು ಮಗಾ’ ಅಂದರು.